ಇಲ್ಲಿತನಕ ಬಂತು

ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳ ಯಾವುದೇ ನಾಗರಿಕನು ಯಾವುದೇ ಕಚೇರಿಯಲ್ಲಿ ಪಾಳಿ ನಿಲ್ಲುವುದಕ್ಕೆ ಮೊದಲು, ಆ ಪಾಳಿಯಲ್ಲಿ ನಿಲ್ಲಲು ತನ್ನ ಪಾಳಿ ಯಾವಾಗ ಬರುತ್ತದೆ ಎಂಬುದನ್ನು ತಿಳಿಯುವ ಸಲುವಾಗಿ, ಹುಕ್ಕೇರಿಯ ತ್ರಿತಾಲ್ಲೂಕು ಸಂಯುಕ್ತ ಪಾಳಿ ಕೇಂದ್ರದಲ್ಲಿ ಪಾಳಿ ನಿಲ್ಲತಕ್ಕದ್ದು. ಈ ನಿಯಮ ಬಂದ ಆರೇ ತಿಂಗಳಲ್ಲಿ ಮೂರೂ ತಾಲ್ಲೂಕುಗಳ ಉಳಿದೆಲ್ಲ ಕಚೇರಿಗಳ ಮುಂದಿನ ಪಾಳಿ ಮಾಯವಾಯಿತು. ಇದನ್ನು ಸಾಧನೆ ಎಂದು ಮೇಲಕ್ಕೆ ವರದಿ ಕಳಿಸಲಾಯಿತು. ಆ ಪಾಳಿಯೆಲ್ಲ ಎಲ್ಲಿಗೆ ಹೋಯಿತೆಂದು ಯಾರಾದರೂ ಕೇಳಿದ್ದರೆ ಕೇಂದ್ರದ ಗೇಟಿನಿಂದ ರಸ್ತೆಯ ತಿರುವಿನತನಕ ನಿಂತಿದ್ದನ್ನು ತೋರಿಸಬಹುದಿತ್ತು. ಆದರೆ ಕೇಳುವುದಕ್ಕೂ ಪಾಳಿ ಇತ್ತು.

ಈ ಕೇಂದ್ರಕ್ಕೆ ಒಂದು ಬೋರ್ಡು ಬೇಕೆಂದು ತೀರ್ಮಾನವಾಯಿತು. ಕೆಂಪು ದೀಪದ ಅಕ್ಷರಗಳು ಹರಿದಾಡುವ, ಹನ್ನೆರಡು ಅಡಿ ಉದ್ದದ ಬೋರ್ಡು. ಕಿಟಕಿಯೊಳಗಿನ ಗುಮಾಸ್ತರು ಗುಂಡಿ ಒತ್ತಿದರೆ ಮುಂದಿನ ನಂಬರು ಬೋರ್ಡಿನ ಮೇಲೆ ಬರಬೇಕು. ಆ ನಂಬರಿನ ಚೀಟಿ ಇದ್ದವರು ಕಿಟಕಿಗೆ ಹೋಗಬೇಕು. ಇಷ್ಟೇ ಕೆಲಸ. ಇದನ್ನು ಮಾಡಿಕೊಡಲು ಗೋಕಾಕದಿಂದ ಯಾಸ್ಮೀನ ಬಂದಳು.

ಯಾಸ್ಮೀನಳದು ತಕ್ಕಡಿಯ ಮನೆತನ. ಅಜ್ಜ ಬಂದಗಿಸಾಬರು ಐವತ್ತು ವರ್ಷ ಗೋಕಾಕದ ಪೇಟೆಯಲ್ಲಿ ತಕ್ಕಡಿ ರಿಪೇರಿ ಮಾಡಿದವರು. ಮುಳ್ಳಿನ ತಕ್ಕಡಿ ಹೋಗಿ ಕರೆಂಟಿನ ತಕ್ಕಡಿ ಬಂದಾಗ ಅದನ್ನೂ ಕಲಿತರು. ಲಾರಿ ತೂಗುವ ಕಾಟಾಗಳಿಗೆ ತಂತಿ ಎಳೆಯುವಾಗ ಒಂದು ತುದಿಯಲ್ಲಿ ಅವರು, ಇನ್ನೊಂದು ತುದಿಯಲ್ಲಿ ಮೊಮ್ಮಗಳು. "ಬಂತೇನ?" ಎಂದು ಅವರು ಕೂಗಿದರೆ "ಇಲ್ಲಿತನಕ ಬಂತು!" ಎಂದು ಇವಳು ಕೂಗಬೇಕು. ನಡುವೆ ಚಹಾ ಬಂದರೆ ಅಜ್ಜ ತಂತಿಯನ್ನು ನೆಲಕ್ಕಿಟ್ಟು "ತಡಿ, ಬರ್ತೇನಿ" ಎಂದು ಕೂಗಿ ಹೋಗುತ್ತಿದ್ದರು. ಹೇಳದೆ ತಂತಿ ಬಿಟ್ಟು ಹೋಗುವವನು ಕಸಬುದಾರನೇ ಅಲ್ಲ ಎಂಬುದು ಅವರ ಕಟ್ಟುನಿಟ್ಟು. ಮುಂದೆ ಯಾಸ್ಮೀನ ಡಿಪ್ಲೊಮಾ ಓದಿ ಲ್ಯಾಪ್‌ಟಾಪ್ ಹಿಡಿದಳು. ಅಷ್ಟರಲ್ಲಿ ಅಜ್ಜನ ಕೈ ನಡುಗಲು ಹತ್ತಿತ್ತು. ತಂತಿಯ ಇನ್ನೊಂದು ತುದಿಯಲ್ಲಿ ಕೂಗುವವರು ಯಾರೂ ಇಲ್ಲದ್ದರಿಂದ ಆ ಕೆಲಸವನ್ನೂ ಅವಳು ಪ್ರೋಗ್ರಾಮಿಗೇ ಹಚ್ಚಿದಳು.

ಹೀಗಾಗಿ ಯಾಸ್ಮೀನ ಬರೆದ ಯಾವ ಪ್ರೋಗ್ರಾಮು ಆದರೂ, ತನ್ನ ಕೆಲಸ ಮಾಡುತ್ತಲೇ ಹೆಜ್ಜೆಹೆಜ್ಜೆಗೂ ಅವಳಿಗೆ ಸುದ್ದಿ ಹೇಳುತ್ತಿತ್ತು. ಗುಂಡಿ ಒತ್ತಿದರೆ "ಗುಂಡಿ ಒತ್ಯಾರ" ಎನ್ನುತ್ತಿತ್ತು. ಅರ್ಧ ಕೆಲಸವಾದರೆ "ಇಲ್ಲಿತನಕ ಬಂತು". ಪೂರ್ತಿಯಾದರೆ "ಒಳಗ ಹೋತು". ಯಾರೂ ಏನೂ ಒತ್ತದೆ ಸುಮ್ಮನೆ ಕೂತರೆ "ಏನೂ ಇಲ್ಲ". ಪ್ರೋಗ್ರಾಮನ್ನು ನಿಲ್ಲಿಸಿದರೆ ಕೊನೆಯದಾಗಿ "ತಡಿ, ಬರ್ತೇನಿ". ಇವೆಲ್ಲ ಅವಳು ತನ್ನೊಬ್ಬಳಿಗಾಗಿ ಬರೆದುಕೊಂಡ ಮಾತುಗಳು. ಕೆಲಸ ಮುಗಿದ ಮೇಲೆ ಅಳಿಸಿಬಿಡುವಂಥವು.

ಲ್ಯಾಪ್‌ಟಾಪಿನಿಂದ ಎರಡು ತಂತಿ ಹೊರಟಿದ್ದವು. ಮೂರನೇ ನಂಬರಿನ ಪೋರ್ಟಿನಿಂದ ಹೊರಟದ್ದು ಜನ ಕೂರುವ ಹಾಲಿನೊಳಗಿನ ಬೋರ್ಡಿಗೆ. ಪಾಳಿಯ ನಂಬರು ಅದರಲ್ಲಿ ಹೋಗಬೇಕು. ನಾಲ್ಕನೆಯದರಿಂದ ಹೊರಟದ್ದು ಮುಖ್ಯ ಪಾಳಿ ಅಧಿಕಾರಿಗಳಾದ ಮಹಾಂತೇಶ ಸಾಹೇಬರ ಮೇಜಿನ ಮೇಲಿದ್ದ ಚಿಕ್ಕ ಪ್ರಿಂಟರಿಗೆ. ಆ ಪ್ರಿಂಟರಿಗೆ ಸದ್ಯ ಬೇರೆ ಕೆಲಸವಿರಲಿಲ್ಲ. ಹಾಗಾಗಿ ಯಾಸ್ಮೀನ ತನ್ನ ಸುದ್ದಿಯ ಸಾಲುಗಳನ್ನು ಅದರ ಕಡೆಗೆ ಬಿಟ್ಟಿದ್ದಳು. ಕಚೇರಿಗೆ ಹೊಸ ಕಂಪ್ಯೂಟರೇನೋ ಬಂದಿತ್ತು, ಆದರೆ ಅದರ ಡಬ್ಬಿ ಒಡೆಯಲು ಬೇರೊಂದು ಉದ್ಘಾಟನೆ ಆಗಬೇಕಾಗಿದ್ದರಿಂದ, "ಒಂದ ದಿನದ ಮಟ್ಟಿಗೆ ನಿಮ್ದ ಹಚ್ರಿ ಮೇಡಂ" ಎಂದು ಸಾಹೇಬರೇ ಹೇಳಿದ್ದರು. ಅವಳು ಹಚ್ಚಿದಳು.

ಸೋಮವಾರ ಉದ್ಘಾಟನೆ. ಬೆಳಿಗ್ಗೆ ಎಲ್ಲ ಸರಿಯಾಗಿ ನಡೆಯುತ್ತಿತ್ತು. ಯಾಸ್ಮೀನ ಚಹಾಕ್ಕೆಂದು ಹೊರಗೆ ಹೋದಾಗ ಜವಾನ ಸತ್ಯಪ್ಪ ಮೇಜು ಒರೆಸಲು ಎರಡೂ ತಂತಿ ಕಿತ್ತ. ಒರೆಸಿ, ಹೂಮಾಲೆ ಹಾಕಿ, ಎರಡನ್ನೂ ಮತ್ತೆ ಸಿಕ್ಕಿಸಿದ. ಎರಡು ತಂತಿ, ಎರಡು ತೂತು. ಒಂದೂ ಉಳಿಯಲಿಲ್ಲ, ಒಂದೂ ಕಡಿಮೆ ಬೀಳಲಿಲ್ಲ. ಲೆಕ್ಕ ಸರಿಹೋದ ಸಮಾಧಾನದಿಂದ ಅವನು ತೆಂಗಿನಕಾಯಿ ತರಲು ಹೋದ.

ಗಣ್ಯರು ರಿಬ್ಬನ್ ಕತ್ತರಿಸಿದರು, ಗುಂಡಿ ಒತ್ತಿದರು. ಬೋರ್ಡಿನ ಮೇಲೆ ಕೆಂಪು ಅಕ್ಷರಗಳು ಬಲದಿಂದ ಎಡಕ್ಕೆ ಹರಿದು ಬಂದವು: ಗುಂಡಿ ಒತ್ಯಾರ. ಇಲ್ಲಿತನಕ ಬಂತು. ಒಳಗ ಹೋತು.

ಜನ ಜೋರಾಗಿ ಚಪ್ಪಾಳೆ ತಟ್ಟಿದರು. ಯಾಸ್ಮೀನಳ ಕೈಯಲ್ಲಿದ್ದ ಚಹಾದ ಕಪ್ಪು ಅಲ್ಲೇ ನಿಂತಿತು. ಅವಳು ಮೇಜಿನ ಕಡೆಗೆ ಓಡುವಷ್ಟರಲ್ಲಿ ಸತ್ಯಪ್ಪ ಎರಡೂ ತಂತಿಗಳ ಬುಡಕ್ಕೆ ಅರಗು ಕರಗಿಸಿ ಕಚೇರಿಯ ಮುದ್ರೆ ಒತ್ತಿಯಾಗಿತ್ತು. ಉದ್ಘಾಟನೆಯಾದ ಯಾವುದೇ ವಸ್ತುವಿಗೆ ಮುದ್ರೆ ಬೀಳಬೇಕು, ಮುದ್ರೆ ಬಿದ್ದದ್ದು ಕಪಾಟಿಗೆ ಹೋಗಬೇಕು, ಕಪಾಟಿಗೆ ಹೋದದ್ದು ದಾಖಲೆ ಪುಸ್ತಕಕ್ಕೆ ಏರಬೇಕು. ಲ್ಯಾಪ್‌ಟಾಪನ್ನು ಗಾಜಿನ ಕಪಾಟಿನಲ್ಲಿಟ್ಟು, ತಂತಿಗಳು ಹೊರಬರಲು ಬಾಗಿಲಿಗೆ ಒಂದು ಕಂಡಿ ಕೊರೆದು, ಕೀಲಿ ಹಾಕಲಾಯಿತು. ಪುಸ್ತಕದಲ್ಲಿ ಹೀಗೆ ಬರೆಯಲಾಯಿತು: ಮೇಜು ಒಂದು. ಹೂಮಾಲೆ ಒಂದು. ತೆಂಗಿನಕಾಯಿ ಒಂದು, ಒಡೆದದ್ದು. ಲ್ಯಾಪ್‌ಟಾಪ್ ಒಂದು, ಒಡೆಯದ್ದು.

ಯಾಸ್ಮೀನ ಸಾಹೇಬರ ಕೋಣೆಗೆ ಹೋದಳು. ಸಾಹೇಬರ ಮುಂದಿದ್ದ ಪ್ರಿಂಟರು ಕರಕರ ಎಂದು ಒಂದೊಂದೇ ಚೀಟಿ ಹೊರಹಾಕುತ್ತಿತ್ತು. ಮೊದಲನೆಯದರ ಮೇಲೆ ೧ ಎಂದಿತ್ತು. ಎರಡನೆಯದರ ಮೇಲೆ ೨. ಸಾಹೇಬರು ಪ್ರತಿಯೊಂದನ್ನೂ ಕನ್ನಡಕ ಏರಿಸಿ ಓದಿ, ಕೆಳಗೆ 'ನೋಡಿದೆ' ಎಂದು ಸಹಿ ಮಾಡಿ, ಕೆಂಪು ದಾರದ ಫೈಲಿಗೆ ಸೇರಿಸುತ್ತಿದ್ದರು.

"ಸಾಹೇಬ್ರ, ತಂತಿ ಅದಲುಬದಲು ಆಗ್ಯಾವ್ರಿ. ಬೋರ್ಡಿಗೆ ಹೋಗೂ ನಂಬರ ನಿಮ್ಮ ಪ್ರಿಂಟರಿಗೆ ಬರಾಕತ್ತಾವು. ನಾ ಬರಕೊಂಡ ಮಾತು ಬೋರ್ಡಿಗೆ ಹೊಂಟಾವು. ಅರ್ಧ ಮಿನಿಟ್ ಕೊಡ್ರಿ, ಕಿತ್ತಿ ತಿರುಗಿಸಿ ಹಚ್ಚತೇನಿ."

"ಮುದ್ರಿ ಬಿದ್ದೈತಲ್ರಿ ಮೇಡಂ."

"ಹಂಗಾರ ತಂತಿ ಇರಲಿ. ಪ್ರೋಗ್ರಾಮಿನ್ಯಾಗ ಮೂರು ಇದ್ದಲ್ಲಿ ನಾಕು, ನಾಕು ಇದ್ದಲ್ಲಿ ಮೂರು ಮಾಡಿದರ ಸಾಕ್ರಿ. ಎರಡ ಅಂಕಿ."

"ಅಂಕಿ ತಿದ್ದೂದಂದ್ರ ದಾಖಲೆ ತಿದ್ದಿದಂಗ ಆಗತೈತಿ. ನನ್ನ ನೌಕರಿ ಹೋಗತೈತಿ." ಸಾಹೇಬರು ಮೂರನೆಯ ಚೀಟಿಗೆ ಸಹಿ ಹಾಕಿದರು. "ಮತ್ತ ಇದರಾಗ ತಪ್ಪು ಏನೈತಿ? ನನಗ ಗೋಪ್ಯ ವರದಿ ಸರಿಯಾಗೇ ಬರಾಕತ್ತೈತಿ. ಒಂದು ಅಂತು, ಎರಡು ಅಂತು, ಈಗ ಮೂರು ಅಂತು. ಕ್ರಮ ತಪ್ಪಿಲ್ಲ."

"ಅದು ಇರಲಿ ಬಿಡ್ರಿ, ನನ್ನ ಲ್ಯಾಪ್‌ಟಾಪರ ಕೊಡ್ರಿ."

ಇದು ಅವಳಿಗೆ ನಿಜವಾದ ಚಿಂತೆಯ ಮಾತಾಗಿತ್ತು. ಹತ್ತರಗಿಯ ಹೆದ್ದಾರಿ ಬದಿಯ ವೀರಪ್ಪನವರ ಹಾಲಿನ ಡೇರಿಯಲ್ಲಿ ಹಾಲು ತೂಗುವ ಮಷೀನು ಕೈಕೊಟ್ಟಿತ್ತು. ತೂಕ ತೋರಿಸುತ್ತದೆ, ಚೀಟಿ ಕೊಡುವುದಿಲ್ಲ. ಶನಿವಾರ ಬಂದು ಸರಿಮಾಡುತ್ತೇನೆಂದು ಯಾಸ್ಮೀನ ಮಾತು ಕೊಟ್ಟಿದ್ದಳು. ಅಜ್ಜನ ಹೆಸರಿನಿಂದಲ್ಲದೆ ತನ್ನ ಹೆಸರು ಹೇಳಿ ಯಾರೋ ಹುಡುಕಿಕೊಂಡು ಬಂದ ಮೊದಲ ಕೆಲಸ ಅದು. ಅದರ ಪ್ರೋಗ್ರಾಮು ಇದ್ದದ್ದು ಆ ಲ್ಯಾಪ್‌ಟಾಪಿನಲ್ಲೇ. ಶನಿವಾರ ತಪ್ಪಿದರೆ ಕೊಲ್ಹಾಪುರದ ರಿಪೇರಿಯವರನ್ನು ಕರೆಸುವುದಾಗಿ ವೀರಪ್ಪ ಮೊದಲೇ ಹೇಳಿದ್ದರು, ಸಿಟ್ಟಿನಿಂದಲ್ಲ, ಹಾಲು ಕಾಯುವುದಿಲ್ಲ ಎಂಬ ಕಾರಣಕ್ಕೆ. ಅವರು ಒಮ್ಮೆ ಬಂದರೆ ಸುತ್ತಲಿನ ಡೇರಿಗಳೆಲ್ಲ ಅವರ ಪಾಲಾಗುತ್ತವೆಂದು ಯಾಸ್ಮೀನಳಿಗೆ ಗೊತ್ತಿತ್ತು. ಗಾಜಿನ ಕಪಾಟಿನೊಳಗೆ ತನ್ನ ಲ್ಯಾಪ್‌ಟಾಪಿನ ಪುಟ್ಟ ಹಸಿರು ದೀಪ ಮಿಣುಕುವುದನ್ನು ಕಂಡು ಅವಳಿಗೆ ಅಳು ಬಂದಂತಾಯಿತು.

"ಅರ್ಜಿ ಕೊಡ್ರಿ," ಎಂದರು ಸಾಹೇಬರು. "ಹೊರಹೋಗುವ ವಸ್ತುಗಳ ಶಾಖೆ ಮೂಡಲಗ್ಯಾಗ ಐತಿ."

ಮಂಗಳವಾರ ಯಾಸ್ಮೀನ ಮೂಡಲಗಿಗೆ ಹೋದಳು. ಅಲ್ಲಿ ಅರ್ಜಿ ಕೊಡುವ ಮೊದಲು ಹುಕ್ಕೇರಿಯಲ್ಲಿ ಪಾಳಿ ಹಚ್ಚಿ ಬರಬೇಕೆಂದರು. ತಾನು ಹುಕ್ಕೇರಿಯ ಪಾಳಿಯ ಬೋರ್ಡು ಸರಿಮಾಡುವುದಕ್ಕಾಗಿಯೇ ಬಂದವಳೆಂದು ಹೇಳಿದ ಮೇಲೆ ವಿಶೇಷ ಪ್ರಕರಣವೆಂದು ಕೂರಿಸಿ, ವಸ್ತು ಹೊರಹೋಗಬೇಕಾದರೆ ಅದು ಒಳಗೆ ಬಂದದ್ದಕ್ಕೆ ದಾಖಲೆ ಬೇಕು, ಒಳಬರುವ ವಸ್ತುಗಳ ಶಾಖೆ ಗೋಕಾಕದಲ್ಲಿದೆ ಎಂದು ತಿಳಿಸಿದರು. ವಾಪಸು ಬರುವಾಗ ಬಸ್ಸು ಕಲ್ಲೋಳಿಯಲ್ಲಿ ಅರ್ಧ ಗಂಟೆ ನಿಂತಿತು. ಯಾಕೆ ನಿಂತಿತೆಂದು ಡ್ರೈವರನಾಗಲಿ ಕಂಡಕ್ಟರನಾಗಲಿ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಬುಧವಾರ ಗೋಕಾಕದ ಶಾಖೆಯಲ್ಲಿ ಪುಸ್ತಕ ತೆರೆದು ನೋಡಿ, ಇಂಥ ಲ್ಯಾಪ್‌ಟಾಪು ಕಚೇರಿಗೆ ಬಂದೇ ಇಲ್ಲವೆಂದರು.

"ಬಂದಿಲ್ಲಂದ್ರ ಅದು ನಿಮ್ದಲ್ಲ. ನಂದ ನನಗ ಕೊಡ್ರಿ," ಎಂದಳು ಯಾಸ್ಮೀನ.

"ಬರದ ಇರೂದನ್ನ ಹೆಂಗ ಕೊಡೂದ್ರಿ?" ಎಂದು ಅಲ್ಲಿಯ ಗುಮಾಸ್ತರು ನಿಜವಾದ ಕನಿಕರದಿಂದ ಕೇಳಿದರು. ಕುಡಿಯಲು ನೀರನ್ನೂ ಕೊಟ್ಟರು.

ಗುರುವಾರ ಅವಳು ಹುಕ್ಕೇರಿಗೆ ಮರಳಿ ಬಂದಾಗ ಪಾಳಿ ಕೇಂದ್ರದ ಸ್ವರೂಪವೇ ಬದಲಾಗಿತ್ತು. ಉದ್ಘಾಟನೆಯಾದಾಗಿನಿಂದ ಯಾರಿಗೂ ಪಾಳಿ ಸಿಕ್ಕಿರಲಿಲ್ಲ, ಏಕೆಂದರೆ ಯಾರ ನಂಬರೂ ಬೋರ್ಡಿನ ಮೇಲೆ ಬಂದಿರಲಿಲ್ಲ. ನಂಬರುಗಳೆಲ್ಲ ದಿನವೂ ಒಂದರಿಂದ ಶುರುವಾಗಿ ಸಾಹೇಬರ ಸಹಿಯೊಂದಿಗೆ ಫೈಲಿನಲ್ಲಿ ಭದ್ರವಾಗಿದ್ದವು. ಆದರೂ ಒಬ್ಬರೂ ದೂರು ಕೊಟ್ಟಿರಲಿಲ್ಲ. ಜಗಳವಿಲ್ಲ, ನೂಕಾಟವಿಲ್ಲ. ಎಲ್ಲರೂ ಬಾಯಿ ತೆರೆದು ಬೋರ್ಡು ಓದುತ್ತಿದ್ದರು. ಓದಲು ಬಾರದವರಿಗೆ ಸತ್ಯಪ್ಪ ಓದಿ ಅರ್ಥ ಹೇಳುತ್ತಿದ್ದ. ಅವನು ಜವಾನನ ಸ್ಟೂಲು ಬಿಟ್ಟು ಕುರ್ಚಿಗೆ ಬಂದಿದ್ದ.

"'ಇಲ್ಲಿತನಕ ಬಂತು' ಅಂದ್ರ ನಿಮ್ಮ ಕೆಲಸ ಅರ್ಧ ಆಗೇತಿ ಅಂತ ತಿಳಕೊರಿ," ಎಂದು ಸತ್ಯಪ್ಪ ವಿವರಿಸುತ್ತಿದ್ದ. "'ಒಳಗ ಹೋತು' ಅಂದ್ರ ಸಾಹೇಬ್ರ ಟೇಬಲ್ಲಿಗೆ ಮುಟ್ಟಿತು."

"ಮತ್ತ 'ಏನೂ ಇಲ್ಲ' ಅಂದ್ರ?"

"ಊಟದ ವ್ಯಾಳ್ಯಾ."

ಯಾಸ್ಮೀನ ನೋಡನೋಡುತ್ತಿದ್ದಂತೆ ಬೋರ್ಡಿನ ಮೇಲೆ 'ಏನೂ ಇಲ್ಲ' ಬಂತು. ಹಾಲಿನಲ್ಲಿದ್ದವರೆಲ್ಲ ಶಿಸ್ತಿನಿಂದ ಎದ್ದು ಬುತ್ತಿ ಬಿಚ್ಚಿದರು. ಗಂಟೆ ಆಗ ಹನ್ನೊಂದು. ಒಳಗೆ ಗುಮಾಸ್ತರು ಗುಂಡಿ ಒತ್ತದೆ ಎರಡು ನಿಮಿಷ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು ಅಷ್ಟೇ.

ಗೋಡೆಯ ಮೇಲೆ ಹೊಸ ಸುತ್ತೋಲೆ ಅಂಟಿಸಲಾಗಿತ್ತು.

"ಸಾರ್ವಜನಿಕರ ಗಮನಕ್ಕೆ. ಕೇಂದ್ರದ ಸೂಚನಾ ಫಲಕದಲ್ಲಿ ಮೂಡಿಬರುವ ಪ್ರತಿಯೊಂದು ವಾಕ್ಯವೂ ಕಚೇರಿಯ ಅಧಿಕೃತ ಆದೇಶವಾಗಿರುತ್ತದೆ. ಫಲಕಕ್ಕೂ ವಾಸ್ತವ ಸ್ಥಿತಿಗೂ ವ್ಯತ್ಯಾಸ ಕಂಡುಬಂದಲ್ಲಿ ವಾಸ್ತವ ಸ್ಥಿತಿಯನ್ನು ಇಪ್ಪತ್ನಾಲ್ಕು ಗಂಟೆಗಳೊಳಗೆ ಸರಿಪಡಿಸತಕ್ಕದ್ದು. ಫಲಕವು ಸಾರ್ವಜನಿಕರನ್ನು ಏಕವಚನದಲ್ಲಿ ಸಂಬೋಧಿಸಿದ ಪಕ್ಷದಲ್ಲಿ, ಸಾರ್ವಜನಿಕರು ತಾವೇ ಮನಸ್ಸಿನಲ್ಲಿ 'ರಿ' ಸೇರಿಸಿ ಓದಿಕೊಳ್ಳತಕ್ಕದ್ದು. ಫಲಕವನ್ನು ಪ್ರಶ್ನಿಸಲಿಚ್ಛಿಸುವವರು ಪಾಳಿಯಲ್ಲಿ ಬರತಕ್ಕದ್ದು. ಸಹಿ, ಮುಖ್ಯ ಪಾಳಿ ಅಧಿಕಾರಿ."

ಯಾಸ್ಮೀನ ಅದನ್ನು ಎರಡು ಸಲ ಓದಿದಳು. ನಂತರ ಒಬ್ಬ ಮುದುಕಿಯ ಪಕ್ಕದಲ್ಲಿ ಹೋಗಿ ಕುಳಿತಳು. ಆಕೆ ದಡ್ಡಿಯ ಕಾಶೆವ್ವ. ಮನೆಗೆ ನಳ ಹಾಕಿಸಿಕೊಳ್ಳುವ ಅರ್ಜಿ ಹಿಡಿದು ಸೋಮವಾರದಿಂದ ದಿನಾ ಬಸ್ಸಿಗೆ ಬಂದು ಹೋಗುತ್ತಿದ್ದಳು. ಸೆರಗಿನ ತುದಿಗೆ ಇವತ್ತಿನ ಚೀಟಿ ಗಂಟು ಹಾಕಿಕೊಂಡಿದ್ದಳು. ಕಟಕ ರೊಟ್ಟಿ ಮುರಿದು ಯಾಸ್ಮೀನಳ ಕೈಗೂ ಒಂದು ತುಂಡು ಕೊಟ್ಟಳು.

"ತಿನ್ನವಾ. ಮುಖ ಬಾಡೇತಿ. ನಿಂದೇನ ಕೆಲಸ?"

"ಆ ಬೋರ್ಡು ಕೆಟ್ಟೈತಿ ಆಯಿ, ಅದನ್ನ ರಿಪೇರಿ ಮಾಡಾಕ ಬಂದೇನಿ. ಬಿಡವಲ್ರು."

"ಕೆಟ್ಟೈತಿ?" ಕಾಶೆವ್ವ ಬೋರ್ಡನ್ನೂ ಇವಳನ್ನೂ ನೋಡಿದಳು. "ಎಲ್ಲಿ ಕೆಟ್ಟೈತಿ? ಚಂದಂಗಿ ಮಾತಾಡಾಕತ್ತೈತಲ್ಲ. ನಮ್ಮ ಮಾತಿನ್ಯಾಗ ಮಾತಾಡತೈತಿ ನೋಡು, ನಮ್ಮ ಮನೀ ಮಂದಿ ಮಾತಾಡಿದಂಗ."

ಯಾಸ್ಮೀನ ರೊಟ್ಟಿ ತಿಂದಳು. ಅದು ತನ್ನದೇ ಮಾತೆಂದು ಹೇಳಿದ್ದರೆ ಮುದುಕಿ ನಂಬುತ್ತಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಅಜ್ಜನ ಫೋನು ಬಂತು. "ಬೇಟಿ, ವೀರಪ್ಪಾರು ಫೋನ್ ಮಾಡಿದ್ರು. ನಾಳೆ ಮುಂಜಾನೆ ಆರಕ್ಕ ಹಾಲು ಬರತೈತಿ, ಅಷ್ಟರಾಗ ಆಗಬೇಕಂತ. ಇಲ್ಲಾಂದ್ರ ಕೊಲ್ಹಾಪುರದವರು ಗಾಡಿ ಹತ್ತಾಕ ತಯಾರ ಅದಾರಂತ."

"ಬರ್ತೇನಿ ಅಂತ ಹೇಳ್ರಿ ದಾದಾ."

"ಲ್ಯಾಪ್‌ಟಾಪ್ ಸಿಕ್ತೇನ?"

"ಸಿಗತೈತಿ," ಎಂದಳು ಯಾಸ್ಮೀನ. ಅಜ್ಜನಿಗೆ ಅವಳು ಸುಳ್ಳು ಹೇಳಿದ್ದು ಅದೇ ಮೊದಲು.

ಅವತ್ತು ಅವಳು ಸಾಹೇಬರ ಕೋಣೆಯ ಬಾಗಿಲು ಬಿಡಲೇ ಇಲ್ಲ. ಹನ್ನೆರಡರ ಹೊತ್ತಿಗೆ ಸಾಹೇಬರಿಗೆ ಬೇಸರ ಬಂದು, ಕೊನೆಗೆ ಒಂದು ದಾರಿ ತೋರಿಸಿದರು. ವಸ್ತುವನ್ನು ಹೊರಗೆ ಒಯ್ಯುವಂತಿಲ್ಲ, ಆದರೆ 'ಕಪಾಟಿನೊಳಗಿನ ಆರೋಗ್ಯ ತಪಾಸಣೆ' ಎಂಬ ಬಾಬಿನಲ್ಲಿ ಹತ್ತು ನಿಮಿಷ ಮುಟ್ಟಬಹುದು. ಸತ್ಯಪ್ಪ ಕೀಲಿ ತೆಗೆದ. ಯಾಸ್ಮೀನ ಅರ್ಧ ದೇಹ ಕಪಾಟಿನೊಳಗೆ ತೂರಿಸಿ ನಿಂತು, ಮೂರನ್ನು ನಾಲ್ಕು ಮಾಡಿದಳು, ನಾಲ್ಕನ್ನು ಮೂರು ಮಾಡಿದಳು. ಹತ್ತು ನಿಮಿಷದಲ್ಲಿ ಒಂಬತ್ತೂವರೆ ಉಳಿದಿತ್ತು.

ಒಳಗೆ ಗುಮಾಸ್ತರು ಗುಂಡಿ ಒತ್ತಿದರು. ಐದು ದಿನಗಳಲ್ಲಿ ಮೊದಲ ಬಾರಿಗೆ ಬೋರ್ಡಿನ ಮೇಲೆ ನಂಬರು ಬಂತು. ದೊಡ್ಡದಾಗಿ, ಕೆಂಪಗೆ, ನಡುಮಧ್ಯದಲ್ಲಿ ನಿಂತಿತು: ೧೪.

ಹಾಲಿನಲ್ಲಿ ಕೂಗಾಟ ಶುರುವಾಯಿತು.

"ಏ, ಬೋರ್ಡು ಕೆಡ್ತು!"

"ಹದಿನಾಕು ಅಂದ್ರ ಏನ್ರಿ? ಹದಿನಾಕು ಏನು?"

"ಇಷ್ಟ ದಿನ ಮಾತಾಡತಿತ್ತು, ಈಗ ಬರೇ ಅಂಕಿ ತೋರಸಾಕತ್ತೈತಿ! ಬಡವರ ಜೋಡಿ ಮಾತು ಬ್ಯಾಡಾತೇನ ಇವರಿಗೆ?"

ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದವಳು ಕಾಶೆವ್ವ. ಕಿಟಕಿಯ ಗುಮಾಸ್ತರು ಹೊರಗೆ ತಲೆ ಹಾಕಿ "ಹದಿನಾಕು ಯಾರ್ರಿ, ಬರ್ರಿ" ಎಂದು ಮೂರು ಸಲ ಕರೆದರು. ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. ಯಾಸ್ಮೀನ ಕಪಾಟಿನಿಂದ ಹೊರಬಂದು ಕಾಶೆವ್ವನ ಸೆರಗಿನ ಗಂಟು ಬಿಚ್ಚಿದಳು. ಚೀಟಿಯ ಮೇಲೆ ೧೪ ಎಂದಿತ್ತು.

"ಆಯಿ, ಹದಿನಾಕು ನಿಮ್ದ ನಂಬರ. ಕಿಟಕಿಗೆ ಹೋಗ್ರಿ. ನಿಮ್ಮ ಪಾಳಿ ಬಂದೈತಿ."

ಕಾಶೆವ್ವ ಚೀಟಿಯನ್ನು ನೋಡಿದಳು, ಬೋರ್ಡನ್ನು ನೋಡಿದಳು. ಎರಡೂ ಒಂದೇ ಎಂಬುದು ಅವಳಿಗೂ ಕಂಡಿತು. ಆದರೂ ಕುಳಿತಲ್ಲಿಂದ ಏಳಲಿಲ್ಲ.

"ಕೆಟ್ಟ ಬೋರ್ಡಿನ ಮಾತು ಕೇಳಿ ಹೋದರ ಕೆಲಸ ಕೆಡತೈತವಾ. ಮದಲ ಅದು ಸರಿ ಆಗಲಿ. 'ಇಲ್ಲಿತನಕ ಬಂತು' ಅನ್ನಲಿ, ಆಮ್ಯಾಲ ಹೋಗತೇನಿ."

ಗುಮಾಸ್ತರು ಗುಂಡಿ ಒತ್ತಿದ ವೇಳೆಗೇ ಸಾಹೇಬರ ಕೋಣೆಯಲ್ಲಿ ಇನ್ನೊಂದು ಘಟನೆ ನಡೆಯುತ್ತಿತ್ತು. ಗೋಕಾಕದ ಗುತ್ತಿಗೆದಾರರೊಬ್ಬರು ಪಾಳಿಯ ವಿಷಯವಾಗಿ ಮಾತಾಡಿ ಹೋದವರು, ಮರೆತೋ ಏನೋ, ಎರಡು ಕಿಲೋ ಕರದಂಟಿನ ಡಬ್ಬಿಯನ್ನು ಮೇಜಿನ ಮೇಲೆ ಬಿಟ್ಟು ಹೋಗಿದ್ದರು. ಡಬ್ಬಿಯೊಳಗೆ ಕರದಂಟಿನ ಕೆಳಗೆ ಒಂದು ಲಕೋಟೆಯೂ ಮರೆತುಹೋಗಿತ್ತು. ಸಾಹೇಬರು ಡಬ್ಬಿಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಪ್ರಿಂಟರು ಕರಕರ ಎಂದು ಒಂದು ಚೀಟಿ ಹೊರಹಾಕಿತು: ಇಲ್ಲಿತನಕ ಬಂತು. ಸಾಹೇಬರು ಅದನ್ನು ನೋಡದೆ ಡ್ರಾವರು ತೆರೆದು ಡಬ್ಬಿಯನ್ನಿಟ್ಟು ಮುಚ್ಚಿದರು. ಪ್ರಿಂಟರು ಮತ್ತೆ ಕರಕರ ಎಂದಿತು: ಒಳಗ ಹೋತು.

ಸಾಹೇಬರು ಅಭ್ಯಾಸದಂತೆ ಚೀಟಿ ಎತ್ತಿ, ಕನ್ನಡಕ ಏರಿಸಿ ಓದಿದರು. 'ನೋಡಿದೆ' ಎಂದು ಬರೆಯಲು ಹೋದ ಪೆನ್ನು 'ನೋ' ಹತ್ತಿರ ನಿಂತಿತು. ಅವರು ಕೋಣೆಯ ನಾಲ್ಕೂ ಮೂಲೆ ನೋಡಿದರು, ಮೇಜಿನ ಕೆಳಗೆ ನೋಡಿದರು. ಡಬ್ಬಿಯನ್ನು ಹೊರಗೆ ತೆಗೆದಿಟ್ಟರು. ಒಂದು ನಿಮಿಷ ಕಾದರು. ಪ್ರಿಂಟರು ಹೇಳಿತು: ಏನೂ ಇಲ್ಲ. ಸಾಹೇಬರ ಹಣೆ ಬೆವೆತಿತು.

"ಸತ್ಯಪ್ಪಾ! ಆ ಮೇಡಮ್ಮನ್ನ ಕರಿ!" ಎಂದು ಕೂಗಿದರು. ಯಾಸ್ಮೀನ ಒಳಗೆ ಬಂದೊಡನೆ, "ಏನ್ ಮಾಡಿದ್ರಿ ಮೇಡಂ ನೀವು?"

"ಸರಿ ಮಾಡೇನ್ರಿ ಸಾಹೇಬ್ರ."

"ಸರಿ ಮಾಡ್ರಿ ಅಂತ ಯಾರು ಹೇಳಿದ್ರು ನಿಮಗ? ಗೋಪ್ಯ ವರದಿ ಬರೂ ಪ್ರಿಂಟರಿದು. ಇದರಾಗ ಇಂಥಾ ಆಪಾದನಿ ಬರಬಾರದು. ಹೊರಗ ಸಾರ್ವಜನಿಕರು ದಂಗೆ ಏಳಾಕತ್ತಾರ. ಮದಲ ಹೆಂಗಿತ್ತು ಹಂಗ ಮಾಡಿ ಹೋಗ್ರಿ!"

"ಮದಲಿನ ಹಂಗ ಅಂದ್ರ ಕೆಟ್ಟಂಗ ಮಾಡಬೇಕಾಗತೈತ್ರಿ."

"ಕೆಟ್ಟದ್ದು ಅಂತ ಯಾವ ದಾಖಲೆಯಾಗ ಐತಿ? ಉದ್ಘಾಟನಾ ಆದಾಗ ಹೆಂಗ ಇತ್ತೋ ಅದು ಸರಿ. ಈಗ ಇರೂದು ಕೆಟ್ಟದ್ದು. ಬರಿ ಸತ್ಯಪ್ಪಾ: ತಂತ್ರಜ್ಞೆಯು ಫಲಕವನ್ನು ದುರಸ್ತಿಗೊಳಿಸಿದ ಕಾರಣ ಫಲಕವು ಕೆಟ್ಟಿದ್ದು, ತಕ್ಷಣ ದುರಸ್ತಿಯನ್ನು ದುರಸ್ತಿಗೊಳಿಸಲು ಆದೇಶಿಸಿದೆ."

ಯಾಸ್ಮೀನ ಮತ್ತೆ ಕಪಾಟಿನೊಳಗೆ ತೂರಿದಳು. ನಾಲ್ಕನ್ನು ಮೂರು ಮಾಡುವಾಗ ಅವಳ ಬೆರಳುಗಳು ಒಂದು ಕ್ಷಣ ತಡೆದವು. ಅಜ್ಜ ಜೀವಮಾನದಲ್ಲಿ ಒಂದು ಗುಂಜಿ ತೂಕ ಆಚೀಚೆ ಮಾಡಿದವರಲ್ಲ. ತಾನೀಗ ಸರಿಯಿದ್ದುದನ್ನು ಗೊತ್ತಿದ್ದೂ ಕೆಡಿಸುತ್ತಿದ್ದೇನೆ ಎಂದು ಅವಳಿಗೆ ನಾಚಿಕೆಯಾಯಿತು. ಆದರೆ ಗೋಡೆಯ ಸುತ್ತೋಲೆ ಗಾಜಿನೊಳಗಿಂದಲೂ ಸ್ಪಷ್ಟವಾಗಿ ಕಾಣುತ್ತಿತ್ತು. ಫಲಕಕ್ಕೂ ವಾಸ್ತವ ಸ್ಥಿತಿಗೂ ವ್ಯತ್ಯಾಸ ಕಂಡುಬಂದಲ್ಲಿ ವಾಸ್ತವ ಸ್ಥಿತಿಯನ್ನು ಸರಿಪಡಿಸತಕ್ಕದ್ದು. ನಾಚಿಕೆ ನಿಂತಲ್ಲೇ ನಿಂತಿರಲಿ ಎಂದು ಅವಳು ಪ್ರೋಗ್ರಾಮಿಗೆ ಒಂದೇ ಒಂದು ಸಾಲು ಸೇರಿಸಿದಳು.

ಗುಮಾಸ್ತರು ಗುಂಡಿ ಒತ್ತಿದರು. ಬೋರ್ಡು ಹೇಳಿತು: ಗುಂಡಿ ಒತ್ಯಾರ. ಇಲ್ಲಿತನಕ ಬಂತು. ಒಳಗ ಹೋತು. ಹಾಲಿನಲ್ಲಿ ಸಂತೋಷದ ಕೇಕೆ ಎದ್ದಿತು. ಕಾಶೆವ್ವ ಕೈ ಎತ್ತಿ ಬೋರ್ಡಿಗೆ ನಮಸ್ಕಾರ ಮಾಡಿದಳು. ಆಗ ಇನ್ನೊಂದು ಸಾಲು ನಿಧಾನವಾಗಿ ಹರಿದು ಬಂತು: ಲ್ಯಾಪ್‌ಟಾಪ್ ಹೊರಗ ಹೋತು.

ಸತ್ಯಪ್ಪ ಅದನ್ನು ಗಟ್ಟಿಯಾಗಿ ಓದಿದ. ಓದಿ, ಕಪಾಟಿನ ಕಡೆಗೆ ತಿರುಗಿದ. ಲ್ಯಾಪ್‌ಟಾಪು ಒಳಗೇ ಇತ್ತು. ಅವನ ಮುಖ ಗಂಭೀರವಾಯಿತು.

"ಸಾಹೇಬ್ರ, ವ್ಯತ್ಯಾಸ ಕಂಡುಬಂದೈತ್ರಿ."

ಸಾಹೇಬರು ಹೊರಬಂದು ಬೋರ್ಡು ನೋಡಿದರು, ಕಪಾಟು ನೋಡಿದರು, ತಮ್ಮದೇ ಸುತ್ತೋಲೆಯನ್ನು ನಿಂತು ಓದಿದರು. "ಫಲಕದ ಪ್ರಕಾರ ಅದು ಹೋಗೇತಿ," ಎಂದರು. "ಹೋದ ವಸ್ತು ಕಪಾಟಿನ್ಯಾಗ ಕುಂತರ ಅದು ಅಕ್ರಮ. ನಾಳೆ ಯಾರಾದ್ರೂ ತಪಾಸಣಿಗೆ ಬಂದ್ರ ನಾ ಏನ್ ಹೇಳಲಿ? ತಗೀರಿ ಅದನ್ನ."

"ಮುದ್ರಿ ಐತಲ್ರಿ," ಎಂದ ಸತ್ಯಪ್ಪ.

"ಇಲ್ಲದ ವಸ್ತುವಿನ ಮ್ಯಾಲ ಮುದ್ರಿ ಹೆಂಗ ಇರತೈತಿ? 'ಮುದ್ರೆ ಕಂಡುಬಂದಿಲ್ಲ' ಅಂತ ಬರಿ, ಬರದು ಒಡಿ."

ಅರಗು ಪಟಪಟನೆ ಒಡೆಯಿತು. ಪ್ರೋಗ್ರಾಮು ನಿಲ್ಲಿಸದೆ ತಂತಿ ಕೀಳುವುದು ಯಾಸ್ಮೀನಳ ಪದ್ಧತಿಯಲ್ಲ. ನಿಲ್ಲಿಸಿದಳು, ಎರಡೂ ತಂತಿ ಬಿಚ್ಚಿದಳು, ಲ್ಯಾಪ್‌ಟಾಪನ್ನು ಎದೆಗವಚಿಕೊಂಡಳು. ಇಂಥ ಬೋರ್ಡುಗಳಿಗೆ ಒಂದು ಗುಣವಿದೆ: ತಂತಿ ಕಿತ್ತರೂ ಕೊನೆಗೆ ಬಂದ ಮಾತನ್ನು ಅವು ಬಿಡುವುದಿಲ್ಲ, ಕರೆಂಟು ಇರುವತನಕ ಅದನ್ನೇ ತೋರಿಸುತ್ತವೆ. ಯಾಸ್ಮೀನ ಬಾಗಿಲಲ್ಲಿ ತಿರುಗಿ ನೋಡಿದಾಗ ಹನ್ನೆರಡು ಅಡಿ ಬೋರ್ಡಿನ ಮೇಲೆ ಅಜ್ಜನ ಮಾತು ನಿಂತಿತ್ತು: ತಡಿ, ಬರ್ತೇನಿ.

ಹಾಲಿನ ಜನ ಮನಸ್ಸಿನಲ್ಲೇ 'ರಿ' ಸೇರಿಸಿ ಓದಿಕೊಂಡು, ನೆಮ್ಮದಿಯಿಂದ ಕುಳಿತರು.

"ಕಂಪ್ಯೂಟರಿನ ಡಬ್ಬಿ ಒಡದ ದಿವಸ ಫೋನ್ ಮಾಡ್ರಿ ಕಾಕಾ, ಬಂದು ಹಚ್ಚಿಕೊಡತೇನಿ," ಎಂದು ಅವಳು ಸತ್ಯಪ್ಪನಿಗೆ ಹೇಳಿದಳು. ಅವನು ಬೋರ್ಡಿನ ಕಡೆಗೆ ಬೆರಳು ತೋರಿಸಿ, ಅದನ್ನು ಈಗಾಗಲೇ ಅಧಿಕೃತವಾಗಿ ಪ್ರಕಟಿಸಲಾಗಿದೆ ಎಂದ.

ಶನಿವಾರ ಮುಂಜಾನೆ ಹತ್ತರಗಿಯಲ್ಲಿ ಹಾಲಿನ ಕ್ಯಾನುಗಳು ಬರುವ ಮೊದಲೇ ವೀರಪ್ಪನವರ ಮಷೀನು ಚೀಟಿ ಕೊಡಲು ಶುರುಮಾಡಿತು. ಯಾಸ್ಮೀನ ತನ್ನ ಸುದ್ದಿಯ ಸಾಲುಗಳನ್ನು ಒಂದೂ ಬಿಡದೆ ಅಳಿಸಿದಳು, ಮೂರು ಸಲ ನೋಡಿದಳು. ನಾಲ್ಕು ಕಿಲೋ ಹಾಲು ಸುರಿದರೆ ನಾಲ್ಕು ಎಂದು ಬಂತು. ಅವಳಿಗೆ ಎಷ್ಟು ಹಿಗ್ಗಾಯಿತೆಂದರೆ ಅಲ್ಲೇ ನಿಂತು ಅಜ್ಜನಿಗೆ ಫೋನು ಹಚ್ಚಿ, "ದಾದಾ, ಬಂತು!" ಎಂದು ಡೇರಿಯೆಲ್ಲ ಕೇಳುವಂತೆ ಕೂಗಿದಳು. ಆ ಕಡೆಯಿಂದ ಅಜ್ಜ ಮೂಗೆಳೆದ ಸದ್ದು ಕೇಳಿಸಿತು.

ಹಾಲು ಹಾಕಲು ಬಂದವನೊಬ್ಬ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಬರೇ ಅಂಕಿ ಐತಲ್ರಿ, ಹುಕ್ಕೇರಿಯಾಗಿನ ಮಷೀನ ಮಾತಾಡತೈತಂತ?" ಎಂದ.

"ಅದು ಸರಕಾರಿದು," ಎಂದರು ವೀರಪ್ಪ. "ನಮ್ದು ಬರೇ ತೂಗತೈತಿ."

ಎರಡು ತಿಂಗಳ ಮೇಲೆ ಯಾಸ್ಮೀನಳಿಗೆ ಪಾಳಿ ಕೇಂದ್ರದಿಂದ ಪತ್ರ ಬಂತು. ಕೇಂದ್ರದ ಫಲಕವು ಅರುವತ್ತೊಂದು ದಿನಗಳಿಂದ ಒಂದು ಅಕ್ಷರವೂ ಆಚೀಚೆಯಾಗದಂತೆ ಏಕಪ್ರಕಾರವಾಗಿ ಕಾರ್ಯನಿರ್ವಹಿಸುತ್ತಿದ್ದು, ಒಂದೂ ದೂರು ಬಂದಿರುವುದಿಲ್ಲ. ಆದ್ದರಿಂದ ಅದೇ ಮಾದರಿಯ ಫಲಕಗಳನ್ನು ಗೋಕಾಕ ಹಾಗೂ ಮೂಡಲಗಿ ಶಾಖೆಗಳಲ್ಲೂ ಅಳವಡಿಸಲು ನಿರ್ಧರಿಸಲಾಗಿದೆ. ಆದೇಶದ ಪ್ರತಿಯನ್ನು ಖುದ್ದಾಗಿ ಬಂದು, ಪಾಳಿಯಲ್ಲಿ, ಸ್ವೀಕರಿಸತಕ್ಕದ್ದು.

ಅವಳು ಹೋದಳು. ಪಾಳಿ ಗೇಟಿನಾಚೆ ಎರಡು ತಿರುವು ದಾಟಿತ್ತು. ಮುಂದಿದ್ದ ಹಲವರು ಊರಿನ ಬಸ್ಸಿಗೆಂದು ಎದ್ದು ಹೋದದ್ದರಿಂದ ಮಧ್ಯಾಹ್ನದ ಹೊತ್ತಿಗೆ ಹಾಲಿನೊಳಗೆ ಜಾಗ ಸಿಕ್ಕಿತು, ಕಾಶೆವ್ವನ ಮಗ್ಗುಲಲ್ಲೇ. ಮುದುಕಿ ಈಗ ಕೂರಲು ಮನೆಯಿಂದ ಗೋಣಿತಟ್ಟು ತರುತ್ತಿದ್ದಳು. ಅರ್ಧ ಸರಿದು ಜಾಗ ಕೊಟ್ಟಳು. ಒಳಗೆ ಗುಮಾಸ್ತರು ಗುಂಡಿ ಒತ್ತುವ ಸದ್ದು ಕೇಳಿಸುತ್ತಿತ್ತು. ಗುಂಡಿಯ ಸುದ್ದಿ ಖಾಲಿ ಕಪಾಟಿನೊಳಗೆ ಹೋಗಿ ನಿಲ್ಲುತ್ತಿತ್ತು. ಹೊಸ ಕಂಪ್ಯೂಟರಿನ ಡಬ್ಬಿ ಇನ್ನೂ ಒಡೆದಿರಲಿಲ್ಲ.

"ನಳ ಬಂತೇನ ಆಯಿ?"

"ಎಲ್ಲಿ ನಳ." ಕಾಶೆವ್ವ ನಕ್ಕಳು. "ಆದರ ಒಂದ ಮಾತು ಹೇಳಲೇನವಾ? ನಲವತ್ತು ವರ್ಷ ಆತು, ಒಂದಿಲ್ಲ ಒಂದ ಕಚೇರಿಗೆ ತಿರುಗಾಕತ್ತೇನಿ. ನಾಳೆ ಬಾ ಅಂದ್ರು, ನಾಡದ ಬಾ ಅಂದ್ರು. ಅರ್ಜಿ ಒಗದು ಕಳಿಸಿದ್ರು. 'ತಡಿ, ಬರ್ತೇನಿ' ಅಂತ ಒಬ್ಬರೂ ಅಂದಿರಲಿಲ್ಲ. ಇದೊಂದ ಅಂದೈತಿ. ಹೆಂಗ ಬಿಟ್ಟು ಹೋಗ್ಲಿ?"

ಯಾಸ್ಮೀನಳಿಗೆ, ಆ ಮಾತು ತನ್ನದು, ಬರಬೇಕಾದವಳು ತಾನು, ಈಗ ಬಂದು ಪಾಳಿಯಲ್ಲಿ ಕುಳಿತಿದ್ದೇನೆ ಎಂದು ಹೇಳಿಬಿಡಬೇಕೆನಿಸಿತು. ಅವಳು ಎದ್ದು ಸತ್ಯಪ್ಪನ ಕುರ್ಚಿಯ ಹತ್ತಿರ ಹೋಗಿ, ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದು ತೋರಿಸಿದಳು. "ಕಾಕಾ, ಅರ್ಧ ಮಿನಿಟಿನ ಕೆಲಸ. ಈಗ ಹಚ್ಚಿಬಿಡತೇನಿ."

ಸತ್ಯಪ್ಪ ಬೋರ್ಡಿನ ಕಡೆಗೆ ಬೆರಳು ತೋರಿಸಿದ. ಹಾಲಿನ ನೂರು ಜನ ಅವಳನ್ನೇ ನೋಡುತ್ತಿದ್ದರು, ಮಧ್ಯೆ ನುಗ್ಗುವವರನ್ನು ನೋಡುವ ಹಾಗೆ.

ಅವಳು ಲ್ಯಾಪ್‌ಟಾಪನ್ನು ಬ್ಯಾಗಿಗೆ ಸೇರಿಸಿ, ವಾಪಸು ಬಂದು ಗೋಣಿತಟ್ಟಿನ ಮೇಲೆ ಕುಳಿತಳು. ಹಿಂದಿನಿಂದ ಹೊಸದಾಗಿ ಬಂದ ಒಬ್ಬ ಮುದುಕ ಅವಳ ಭುಜ ತಟ್ಟಿ, ಕಣ್ಣು ಮಂಜಾಗಿದೆ, ಬೋರ್ಡು ಏನು ಹೇಳುತ್ತಿದೆ ಎಂದು ಕೇಳಿದ.

"ತಡೀರಿ, ಬರ್ತೇನಿ ಅನ್ನಾಕತ್ತೈತ್ರಿ ಕಾಕಾ."

"ಯಾರು ಬರ್ತಾರಂತ?"

ಯಾಸ್ಮೀನ ಬೋರ್ಡು ನೋಡಿದಳು. "ಅದನ್ನ ಹೇಳಿಲ್ರಿ," ಎಂದು, ಕಾಶೆವ್ವ ಕೊಟ್ಟ ರೊಟ್ಟಿ ಮುರಿದು ಅವನಿಗೂ ಅರ್ಧ ಕೊಟ್ಟಳು.